ಕೋವಿ ಠಾಣೆಗೆ, ಎಣ್ಣೆ ಮನೆಯಲ್ಲೇ

ಚುನಾವಣೆ ಘೋಷಣೆಯಾದರೆ ಸಾಕು, ಲೈಸೆನ್ಸ್ ಇರುವ ಬಂದೂಕುಗಳನ್ನು ಠಾಣೆಗೆ ಜಮಾ ಮಾಡಿ ಎಂಬ ಆದೇಶ ಹೊರಡುತ್ತದೆ. ಕೊಪ್ಪಳದಲ್ಲೂ ಅಷ್ಟೆ. ಆಯುಧ ಇಳಿಸಿಕೊಳ್ಳುವುದು ನಮ್ಮ ಸರ್ಕಾರಗಳಿಗೆ ಹಳೆಯ ವಿದ್ಯೆ. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ಹೇರಿದಾಗ ಹಲಗಲಿಯ ಬೇಡರು ತಿರುಗಿಬಿದ್ದರು. ಮರುವರ್ಷ ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆ ಹಿಡಿದು, ಅಲ್ಲೇ ಹೋರಾಡಿ ಮಡಿದರು. ಆಮೇಲೆ 1878ರ ಶಸ್ತ್ರ ಕಾಯ್ದೆ, ಸ್ವಾತಂತ್ರ್ಯಾನಂತರ 1959ರದ್ದು. ಕೊಡವರಿಗೆ ವಿನಾಯಿತಿ ಸಿಕ್ಕಿತು, ಬಯಲುಸೀಮೆಯವರಿಗೆ ಕೋವಿ ಅಪರೂಪದ ವಸ್ತುವಾಯಿತು.

ಈ ಕಾನೂನುಗಳ ಹಿಂದೆ ಇದ್ದದ್ದು ಆಳುವವರ ಅಂಜಿಕೆ. ಆಯುಧ ಇಟ್ಟುಕೊಂಡವನ ಜೀವದ ಚಿಂತೆ ಬಂದದ್ದು ಈಚೆಗೆ, ಅದೂ ಹೆಚ್ಚಾಗಿ ವೈದ್ಯರಿಂದ. ಅಮೆರಿಕದಲ್ಲಿ ಗುಂಡೇಟಿನ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಸಂಕಟದಲ್ಲಿರುವವರ ಬಂದೂಕನ್ನು ಕೋರ್ಟಿನ ಮೂಲಕ ಕೆಲಕಾಲ ದೂರವಿಡುವ ಕಾನೂನನ್ನು 1999ರಲ್ಲಿ ಮೊದಲು ತಂದದ್ದು ಕನೆಕ್ಟಿಕಟ್ ರಾಜ್ಯ. ಸಾಯುವ ಆವೇಗ ಬಹುಮಂದಿಗೆ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಉಳಿಯುವುದು, ಹೋಗುವುದು ನಿಂತಿರುತ್ತದೆ.

ನಮ್ಮ ಹಳ್ಳಿಗಳಲ್ಲಿ ಆಗ ಕೈಗೆ ಸಿಗುವುದು ಕೋವಿಯಲ್ಲ. ಗಂಗಾವತಿಯ ಎಡದಂಡೆ ಕಾಲುವೆಯ ಭತ್ತಕ್ಕೂ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಬೇಕು, ಯಲಬುರ್ಗಾ, ಕುಷ್ಟಗಿಯ ಮಳೆ ನಂಬಿದ ತೊಗರಿ, ಕಡಲೆಗೂ ಹೊಡೆಯಬೇಕು. ಉಳಿದ ಡಬ್ಬಿ ಮನೆಗೇ ಬರುತ್ತದೆ. ಲೈಸೆನ್ಸ್ ಬೇಕಿರುವುದು ಮಾರುವ ಅಂಗಡಿಗೆ, ಕೊಳ್ಳುವವನಿಗೆ ಅಲ್ಲ.

ಶ್ರೀಲಂಕಾ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ನಮ್ಮ ರಾಜ್ಯ ಸರ್ಕಾರ ಹೀಗೆ ಮಾಡಬಯಸಿದರೆ 1968ರ ಕೀಟನಾಶಕ ಕಾಯ್ದೆ ಕೈ ಕಟ್ಟುತ್ತದೆ: ರಾಜ್ಯವೊಂದು ತಡೆ ಹಾಕಬಹುದಾದದ್ದು 60 ದಿನ, ಹೆಚ್ಚೆಂದರೆ ಇನ್ನೂ 30. 2011ರ ಫೆಬ್ರುವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ತಡೆದದ್ದು ಹೀಗೇ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಕ್ಕೆಲ್ಲ ಅನ್ವಯಿಸಿತು. 2018ರಲ್ಲಿ ಕೇಂದ್ರ 18 ಕೀಟನಾಶಕಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು, ಅದರಲ್ಲಿ ಆರಕ್ಕೆ 2020ರ ಕೊನೆವರೆಗೆ ಗಡುವು ಕೊಟ್ಟು. ಆ ಗಡುವು ತೀರಾ ಉದಾರವಾಯಿತು ಎಂದೇ ನನ್ನ ಅನಿಸಿಕೆ.

ಚಿಕಿತ್ಸೆಯ ದಾರಿಯನ್ನು ಮಾತ್ರ ರಾಜ್ಯ ಮೊದಲೇ ಹಿಡಿದಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಕೊಪ್ಪಳದ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗ ಗುರುತಿಸಿ ಔಷಧಿ ಕೊಡಲು ಕಲಿಸಿತು. ಅದೇ ಮಾದರಿ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮುಂದೆ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯ ಬಂತು, 2022ರಲ್ಲಿ ಟೆಲಿ ಮಾನಸ್ ಸಹಾಯವಾಣಿ. ಅದರ ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆದರೆ ಡಬ್ಬಿ ಇನ್ನೂ ಮನೆಯಲ್ಲೇ ಇದೆ. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಭಾಗದ ಹಳ್ಳಿಗಳಲ್ಲಿ ಚೆನ್ನೈನ ಸ್ನೇಹಾ ಸಂಸ್ಥೆ ಕೀಟನಾಶಕ ಇಡಲು ಊರಿಗೊಂದು ಉಗ್ರಾಣ ಮಾಡಿ, ಅಲ್ಲಿ ರೈತರಿಗೆ ಬೀಗದ ಪೆಟ್ಟಿಗೆ ಕೊಟ್ಟು ನೋಡಿದೆ. ಕೊಪ್ಪಳ ಜಿಲ್ಲೆಯ ಸಹಕಾರ ಸಂಘಗಳ ಗೋದಾಮುಗಳಲ್ಲಿ ಇದನ್ನು ಪ್ರಯತ್ನಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.