ಹಳೆಯ ಪೇಟಿಯ ಸ್ವರ ಉಳಿಯಲಿ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಭಜನೆಯಿರಲಿ, ತತ್ವಪದವಿರಲಿ, ಹಾಡುವವರ ಬೆನ್ನಿಗೆ ಪೇಟಿ, ಅಂದರೆ ಹಾರ್ಮೋನಿಯಂ, ಇದ್ದೇ ಇರುತ್ತದೆ. ಅದು ಕೆಟ್ಟಾಗ ಬರುವ ಸಲಹೆಗಳು ಎರಡು: ಮೂಲೆಗಿಟ್ಟು ಎಲೆಕ್ಟ್ರಾನಿಕ್ ಕೀಬೋರ್ಡ್ ತನ್ನಿ, ಇಲ್ಲವೆ ಇನ್ನೊಂದು ಸಾಲು ರೀಡು ಕೂಡಿಸಿ ದೊಡ್ಡದು ಮಾಡಿಸಿ. ಇವೆರಡಕ್ಕೂ ಮೊದಲು ಪೇಟಿಯನ್ನು ಅದರ ಮೂಲ ಸ್ವರಕ್ಕೆ ತರಬೇಕು ಎನ್ನುವುದು ನನ್ನ ವಾದ. ಪೇಟಿಯ ಜೀವ ಇರುವುದು ಹಿತ್ತಾಳೆಯ ರೀಡುಗಳಲ್ಲಿ. ಅವು ಬೇಗ ಸವೆಯುವುದಿಲ್ಲ. ಹಾಳಾಗುವುದು ತಿದಿಯ ಮಡಿಕೆ, ತೊಗಲು, ಉಣ್ಣೆಬಟ್ಟೆ. ನಲವತ್ತು ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಕಟ್ಟಿಗೆ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ, ಬೆರಳಿನಿಂದ ಒತ್ತುವ ಮನೆಗಳು ಸಿಕ್ಕಿಕೊಳ್ಳುತ್ತವೆ. ತಿದಿ ತುಂಬಿ, ಯಾವ ಮನೆಯನ್ನೂ ಒತ್ತದೆ ಬಿಟ್ಟು ನೋಡಿ: ಸರ್ರನೆ ಕುಸಿದರೆ ಗಾಳಿ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ನಿಲ್ಲಿಸದೆ ಸ್ವರ ತಿದ್ದಹೊರಟರೆ ಒಳ್ಳೆಯ ರೀಡೂ ಕೆಡುತ್ತದೆ. ರೀಡಿನ ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆ ಮರಳಿ ಬರುವುದಿಲ್ಲ. ಯುರೋಪಿನ ಚರ್ಚುಗಳಲ್ಲಿ ಶತಮಾನ ದಾಟಿದ ಪೈಪ್ ಆರ್ಗನ್‌ಗಳನ್ನು ದುರಸ್ತಿ ಮಾಡುವವರೂ ತೊಗಲನ್ನು ಹೊಸದಾಗಿ ಹಾಕಿ, ಹಳೆಯ ಕೊಳವೆಗಳನ್ನು ಆದಷ್ಟೂ ಉಳಿಸಿಕೊಳ್ಳುತ್ತಾರೆ.

ದೊಡ್ಡದು ಮಾಡಿಸುವ ಆಸೆ ತಪ್ಪಲ್ಲ. ಬಯಲಿನಲ್ಲಿ ತಾಳ, ದಮ್ಮಡಿಗಳ ನಡುವೆ ಸ್ವರ ಕೇಳಿಸಬೇಕಲ್ಲ. ಆದರೆ ಸಾಲು ಹೆಚ್ಚಿದಂತೆ ಗಾಳಿಯೂ ಹೆಚ್ಚು ಬೇಕು. ಎರಡು ಸಾಲಿಗೆಂದು ಮಾಡಿದ ತಿದಿಗೆ ಖರ್ಜದ (ತಗ್ಗು ಸ್ವರದ) ಮೂರನೆಯ ಸಾಲು ಹೇರಿದರೆ ಎಲ್ಲವೂ ಸೊರಗುತ್ತವೆ, ನುಡಿಸುವವರ ಕೈಯೂ ಸೋಲುತ್ತದೆ. ತಿದಿಯನ್ನೂ ರೀಡಿನ ಹಲಗೆಯನ್ನೂ ಹೊಸದಾಗಿ ಕಟ್ಟುವುದಾದರೆ ಹೊಸ ಪೇಟಿಯನ್ನೇ ಕೊಳ್ಳುವುದು ಲೇಸು.

ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿದ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳಿಗೆ ಏಕತಾರಿಯೇ ಸಾಕಿತ್ತು, ಈ ಪರದೇಶಿ ವಾದ್ಯವನ್ನು ಕಾಪಾಡುವುದೇಕೆ ಎಂದು ಕೇಳಬಹುದು. ಪ್ಯಾರಿಸ್‌ನ ಹಾರ್ಮೋನಿಯಂ ಭಾರತಕ್ಕೆ ಹೊರಗಿನಿಂದ ಬಂದದ್ದು ನಿಜ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುವ ರೂಪ ಕೊಟ್ಟವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಆದರೆ ಗಾಳಿಗೆ ನಡುಗುವ ಲೋಹದ ನಾಲಗೆ ಚೀನಾದ ಶೆಂಗ್ ವಾದ್ಯದಲ್ಲಿ ಯುರೋಪಿಗಿಂತ ಎಷ್ಟೋ ಮೊದಲೇ ಇತ್ತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು, ಶ್ರುತಿಯ ಸೂಕ್ಷ್ಮತೆ ಸಾಲದು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆಕಾಶವಾಣಿ 1940ರಿಂದ 1971ರವರೆಗೆ ಈ ವಾದ್ಯವನ್ನು ದೂರವಿಟ್ಟಿತ್ತು. ಹಾಗೆಂದು ಅದರ ಬದಲಿಗೆ ತರುವ ಅಗ್ಗದ ಕೀಬೋರ್ಡಿನಲ್ಲೂ ಮೀಂಡ್ ಸುಲಭವಲ್ಲ, ಕರೆಂಟ್ ಬೇರೆ ಬೇಕು. ಪೇಟಿಯನ್ನಾದರೂ ಊರಿನ ಹಾಡುಗಾರರ ಕಂಠಕ್ಕೆ ಒಪ್ಪುವಂತೆ ರೀಡು ರೀಡಾಗಿ ಹೊಂದಿಸಬಹುದು. ಇಡೀ ರಾತ್ರಿ ಹಾಡುವ ಮೇಳಕ್ಕೆ ಅದು ಸಣ್ಣ ಮಾತಲ್ಲ.

ಭಜನಾ ಮಂಡಳಿಗಳು ಪೇಟಿಯನ್ನು ದುರಸ್ತಿಗೆ ಕೊಡುವ ಮೊದಲು ಪ್ರತಿ ಮನೆಯ ಸ್ವರವನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಳ್ಳಲಿ. ಬದಲಾಯಿಸಲೇಬೇಕಾದ ರೀಡುಗಳಿದ್ದರೆ, ತೆಗೆದ ಹಳೆಯವನ್ನು ಗುಜರಿಗೆ ಬಿಡದೆ ಕೇಳಿ ಪಡೆದುಕೊಳ್ಳಲಿ.