ಮೆದುಳು ಎಚ್ಚರ, ಆದ್ರೂ ಉಸಿರಿಲ್ಲ: ನರಮಂಡಲ ಕೈಕೊಡೋದು ಎಲ್ಲಿ?

ಇವತ್ತು ನರಮಂಡಲದ ಬಗ್ಗೆ ಮಾತಾಡೋಣ. ಎಸ್ಸೆಸ್ಸೆಲ್ಸಿ ಪುಸ್ತಕದ ಚಿತ್ರ ನೆನಪಾಗಿ ಆಗಲೇ ಆಕಳಿಕೆ ಬಂತಾ? ಪುಸ್ತಕ ಪಕ್ಕಕ್ಕಿಡಿ, ಸೂರಗೊಂಡನಕೊಪ್ಪದ ದಾರಿಗೆ ಬನ್ನಿ.

ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕಿನ ಈ ಊರು ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿಯ ಜಯಂತಿಗೆ ಮಾಲಾಧಾರಿಗಳು ದೂರದೂರದಿಂದ ನಡೆದೇ ಬರ್ತಾರೆ. ಹಾಗೆ ನಡೆಯೋ ಒಬ್ಬರ ಬರಿಗಾಲಿಗೆ ಮುಳ್ಳು ಚುಚ್ಚಿತು ಅಂದ್ಕೊಳ್ಳಿ.

ಕಾಲು ತಟ್ಟಂತ ಮೇಲೇಳುತ್ತೆ. ‘ಅಯ್ಯೋ’ ಅನ್ನೋದು ಆಮೇಲೆ. ಯಾಕೆ? ಚರ್ಮದಿಂದ ಹೊರಟ ಸುದ್ದಿ ಜ್ಞಾನವಾಹಿ ನರಗಳಲ್ಲಿ ಬೆನ್ನುಹುರಿ ತಲುಪುತ್ತೆ. ‘ಕಾಲೆತ್ತು’ ಅನ್ನೋ ಆದೇಶ ಅಲ್ಲಿಂದಲೇ ಕ್ರಿಯಾವಾಹಿ ನರಗಳಲ್ಲಿ ವಾಪಸ್ ಹೊರಡುತ್ತೆ. ಇದೇ ಪರಾವರ್ತಿತ ಕ್ರಿಯೆ. ಮೆದುಳಿಗೆ ನೋವು ಗೊತ್ತಾಗೋದು ಸ್ವಲ್ಪ ತಡವಾಗಿ.

ಈ ಒಂದು ಹೆಜ್ಜೆಯಲ್ಲೇ ನರಮಂಡಲದ ನಕ್ಷೆ ಇದೆ. ಮೆದುಳು ಮತ್ತು ಬೆನ್ನುಹುರಿ ಸೇರಿದ್ರೆ ಕೇಂದ್ರ ನರಮಂಡಲ. ಮೆದುಳಿನ 12 ಜೋಡಿ, ಬೆನ್ನುಹುರಿಯ 31 ಜೋಡಿ ನರಗಳು ಮತ್ತು ಅವುಗಳ ಕವಲುಗಳು ಪರಿಧಿ ನರಮಂಡಲ. ಹೃದಯ, ಕರುಳು, ಬೆವರಿನ ಗ್ರಂಥಿಗಳನ್ನ ನಮ್ಮನ್ನ ಕೇಳದೇ ನಡೆಸೋ ಭಾಗಕ್ಕೆ ಸ್ವನಿಯಂತ್ರಿತ ನರಮಂಡಲ ಅಂತಾರೆ. ಬೆನ್ನುಹುರಿಯಿಂದ ಪಾದಕ್ಕೆ ಇಳಿಯೋ ಒಂದೇ ನರಕೋಶದ ತಂತು ಸುಮಾರು 1 ಮೀಟರ್ ಉದ್ದ ಇರುತ್ತೆ!

ಆದ್ರೆ ನರ ಸ್ನಾಯುವಿಗೆ ಅಂಟಿಕೊಂಡಿಲ್ಲ. ಮಧ್ಯೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ನರದ ತುದಿ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬಿಟ್ಟಾಗಲೇ ಸ್ನಾಯುವಿಗೆ ಆದೇಶ ಮುಟ್ಟೋದು.

ಈ ಎಪಿಸೋಡ್ ನಾನು ಮಾಡ್ತಿರೋದೇ ಈ ಸಂದಿಗಾಗಿ. ಕಟ್ಟುಹಾವು, ಅಂದ್ರೆ ಕ್ರೇಟ್, ರಾತ್ರಿ ಸಂಚರಿಸೋ ಹಾವು. ಹೊಲದಲ್ಲೋ ಮನೆಯಲ್ಲೋ ನೆಲದ ಮೇಲೆ ಮಲಗಿದವರಿಗೆ ಕಡಿಯೋದು ಹೆಚ್ಚು. ನೋವು ಕಮ್ಮಿ, ಗುರುತೂ ಕಾಣದೇ ಇರಬಹುದು. ಅದರ ವಿಷ ಕೆಡಿಸೋದು ಸರಿಯಾಗಿ ಈ ಸಂದನ್ನೇ. ಸಾಮಾನ್ಯವಾಗಿ ಮೊದಲು ರೆಪ್ಪೆ ಜೋಲುತ್ತೆ, ಮಾತು ತೊದಲುತ್ತೆ, ನುಂಗೋಕೆ ಆಗಲ್ಲ. ಆಮೇಲೆ ಉಸಿರಾಟದ ಸ್ನಾಯು ವಪೆಯ ಸರದಿ. ಮೆದುಳುಕಾಂಡದಿಂದ ‘ಉಸಿರೆಳಿ’ ಅನ್ನೋ ಆದೇಶ ಹೊರಡ್ತಾನೇ ಇರುತ್ತೆ, ವಪೆಗೆ ಮುಟ್ಟೋದೇ ಇಲ್ಲ.

ಅಂದ್ರೆ, ಕಣ್ಣು ತೆರೆಯದೆ, ಕೈ ಆಡಿಸದೆ ಮಲಗಿರೋ ಆ ವ್ಯಕ್ತಿಗೆ ನಿಮ್ಮ ಮಾತು ಕೇಳಿಸ್ತಿರಬಹುದು. ‘ಹೋಗ್ಬಿಟ್ರು’ ಅಂತ ಕೈಬಿಡಬೇಡಿ. ವೆಂಟಿಲೇಟರ್ ಉಸಿರು ಕೊಡ್ತಾ ಇದ್ರೆ ನರದ ತುದಿಗಳು ದಿನಗಳಲ್ಲಿ, ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ವಿಷನಿರೋಧಕ ಔಷಧಿ ಬೇಗ ಸಿಗಬೇಕು, ಯಾಕಂದ್ರೆ ಆಗಲೇ ಹಾಳಾದ ತುದಿಯನ್ನ ಅದು ರಿಪೇರಿ ಮಾಡಲ್ಲ.

ಹಾಗಾಗಿ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ನಾಟಿ ಮದ್ದು, ಮಂತ್ರ ಅಂತ ಸಮಯ ಕಳೆಯೋದು ಬೇಡ. ಕಡಿದ ಕೈಕಾಲು ಅಲುಗಿಸದೆ 108ಕ್ಕೆ ಫೋನ್ ಮಾಡಿ. ರೆಪ್ಪೆ ಜೋಲಿದ್ದು ಎಷ್ಟು ಗಂಟೆಗೆ ಅಂತ ಡಾಕ್ಟರಿಗೆ ಹೇಳಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಅಧಿಸೂಚಿತ ಕಾಯಿಲೆ ಅಂತ ಘೋಷಿಸಿದೆ. ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು.

ರಾತ್ರಿ ಹೊಲ ಕಾಯೋ ಅಣ್ಣನಿಗೋ, ನೆಲದ ಮೇಲೆ ಮಲಗೋ ಅಜ್ಜಿಗೋ ಇದನ್ನ ಕೇಳಿಸಿ. ಮಂಚ, ಅಂಚು ಸಿಕ್ಕಿಸಿದ ಸೊಳ್ಳೆಪರದೆ ಇದ್ರೆ ಇನ್ನೂ ಒಳ್ಳೇದು. ಮತ್ತೆ ಸಿಗೋಣ.