ಅಚ್ಚಿನ ಹುಚ್ಚು

ಡಿಗ್ರಿ ಮುಗಿದ ಮೇಲೆ ಒಂದೂವರೆ ವರ್ಷದಲ್ಲಿ ನಾನು ಸಂಪಾದಿಸಿದ್ದು 34 ಸೋಪಿನ ಅಚ್ಚು. ಸಂಬಳ ಸೊನ್ನೆ. ಬರೆದ ಪರೀಕ್ಷೆಯ ಫಲಿತಾಂಶ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಮೊಬೈಲ್ ತಿಕ್ಕುತ್ತಾ ಕೂತಿದ್ದ ದಿನಗಳವು. ಮದುವೆ ಮನೆಯಲ್ಲಿ ಯಾರಾದರೂ ‘ಈಗ ಏನಮ್ಮಾ ಮಾಡ್ತಿದ್ದೀಯಾ?’ ಎಂದರೆ ‘ಓದ್ತಿದ್ದೀನಿ’ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ‘ಮನೇಲೇ ಸೋಪ್ ಮಾಡ್ತಿದ್ದೀನಿ’ ಎಂದರೆ ಎದುರಿಗಿದ್ದವರ ಕಣ್ಣು ಅರಳುತ್ತಿತ್ತು. ನಿಜ ಹೇಳುತ್ತೇನೆ, ಆಗ ನಾನು ಸೋಪು ಮಾಡುತ್ತಿದ್ದುದು ಕಡಿಮೆ. ಅಚ್ಚು ಕೊಳ್ಳುತ್ತಿದ್ದುದೇ ಹೆಚ್ಚು.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ತೋಟ ಚಿಕ್ಕದಾದರೂ ಎಣ್ಣೆಗೆ ಬರವಿಲ್ಲ. ಮಾರುಕಟ್ಟೆಗೆ ಹೋಗದ ಒಡಕು ಕೊಬ್ಬರಿಯನ್ನೆಲ್ಲ ಅಪ್ಪ ಮಿಲ್ಲಿಗೆ ಹಾಕಿಸಿ ಕ್ಯಾನಿನಲ್ಲಿ ತುಂಬಿಸಿಡುತ್ತಾರೆ. ನಾನೋ ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವಳು. ಎಣ್ಣೆಗೆ ಕಾಸ್ಟಿಕ್ ಸೋಡಾದ ದ್ರಾವಣ ಸೇರಿಸಿ ಕಡೆದರೆ ಸೋಪು ಮತ್ತು ಗ್ಲಿಸರಿನ್ ಆಗುತ್ತದೆ ಎಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೆ. ಎಣ್ಣೆ ಇದೆ, ವಿದ್ಯೆ ಇದೆ, ಇನ್ನೇನು ಬೇಕು ಎಂದುಕೊಂಡು ಅಡುಗೆ ಮನೆಯಲ್ಲಿ ಸುರಿಯುವುದಕ್ಕೆ ಪಾತ್ರೆ ಹುಡುಕಿದೆ. ಕಣ್ಣಿಗೆ ಬಿದ್ದದ್ದು ಹಳೆಯ ಇಡ್ಲಿ ತಟ್ಟೆ. ದುಂಡಗೆ, ಒಂದೇ ಅಳತೆಯ ನಾಲ್ಕು ಗುಳಿ. ಸೋಪಿಗೆಂದೇ ಮಾಡಿಸಿದಂತಿತ್ತು.

ಸುರಿದ ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಬುಸುಬುಸು ನೊರೆ. ತಟ್ಟೆ ಕಪ್ಪಾಗತೊಡಗಿತು. ಅದು ಅಲ್ಯುಮಿನಿಯಂ ತಟ್ಟೆ! ಅಲ್ಯುಮಿನಿಯಂ ಕಾಸ್ಟಿಕ್ ಸೋಡಾದ ಜೊತೆ ಸೇರಿದರೆ ಸೋಡಿಯಂ ಅಲ್ಯುಮಿನೇಟ್ ಆಗಿ ಹೈಡ್ರೋಜನ್ ಅನಿಲ ಬಿಡುತ್ತದೆ ಎಂಬುದನ್ನೂ ಅದೇ ಪರೀಕ್ಷೆಯಲ್ಲಿ ಬರೆದಿದ್ದೆ. ಸಮೀಕರಣ ಸಮತೋಲನ ಮಾಡಿ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಅಮ್ಮ ತಟ್ಟೆಯನ್ನೂ ನನ್ನನ್ನೂ ಒಂದು ಸಲ ನೋಡಿ ‘ಇದಕ್ಕೇನಾ ಮೂರು ವರ್ಷ ಫೀಸು ಕಟ್ಟಿದ್ದು?’ ಎಂದರು.

ಹಾಗಾಗಿ ಸೋಪು ಮಾಡಲು ಹೊರಡುವವರಿಗೆ ನನ್ನ ಮೊದಲ ಮಾತು ಸುವಾಸನೆಯದ್ದಲ್ಲ, ಅಚ್ಚಿನದು. ಅಲ್ಯುಮಿನಿಯಂ ಹತ್ತಿರವೂ ಸುಳಿಯಬಾರದು. ಸ್ಟೀಲ್ ಆಗುತ್ತದೆ. ಪ್ಲಾಸ್ಟಿಕ್ ಡಬ್ಬವಾದರೆ ತಲೆಕೆಳಗು ಮಾಡಿ ತಳದ ತ್ರಿಕೋನ ನೋಡಿ. ಒಳಗೆ 5 ಎಂದಿದ್ದರೆ ಪಾಲಿಪ್ರೊಪಿಲೀನ್, 2 ಎಂದಿದ್ದರೆ ಎಚ್‌ಡಿಪಿಇ. ಎರಡೂ ಕಾಸ್ಟಿಕ್‌ಗೆ ಜಗ್ಗುವುದಿಲ್ಲ. 1 ಎಂದಿದ್ದರೆ ನೀರಿನ ಬಾಟಲಿಯ ಜಾತಿ, ಬಿಸಿಗೆ ಮುದುರಿಕೊಳ್ಳುತ್ತದೆ. ಅಚ್ಚಿಗೆ ಸುರಿದ ಮೇಲೂ ಸೋಪು ತನ್ನಷ್ಟಕ್ಕೆ ಕಾಯುತ್ತದೆ ಎನ್ನುವುದು ಹೊಸಬರಿಗೆ ಗೊತ್ತಿರುವುದಿಲ್ಲ. ಇನ್ನೊಂದು ಮಾತು, ಇದು ತಮಾಷೆಯಲ್ಲ: ಕೈಗವಸು, ಕನ್ನಡಕ ಇಲ್ಲದೆ ಕಾಸ್ಟಿಕ್ ಮುಟ್ಟಬೇಡಿ. ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್‌ಗೆ ನೀರು ಸುರಿಯಬಾರದು.

ಇಡ್ಲಿ ತಟ್ಟೆಯ ನಂತರದ ಅಚ್ಚು ಬಿಟ್ಟಿಯದು. ಅಪ್ಪನ ಹಳೆಯ ಟೂಲ್ಸ್ ಇಡುವ ಮರದ ಪೆಟ್ಟಿಗೆ. ನಂದಿನಿ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಉದ್ದಕ್ಕೆ ಕತ್ತರಿಸಿ, ಒಳಗೆಲ್ಲ ಹಾಸಿದೆ. ಎಷ್ಟು ಎಣ್ಣೆ ಬೇಕು ಎನ್ನುವುದಕ್ಕೂ ಸುಲಭದ ಲೆಕ್ಕವಿದೆ. ಅಚ್ಚು ಎಷ್ಟು ನೀರು ಹಿಡಿಯುತ್ತದೆ ಎಂದು ತೂಗಿಕೊಳ್ಳಿ, ಅದರಲ್ಲಿ ನೂರಕ್ಕೆ 70ರಷ್ಟು ತೂಕದ ಎಣ್ಣೆ ಸಾಕು. ಒಂದು ಲೀಟರ್ ಹಿಡಿಯುವ ಅಚ್ಚಿಗೆ 700 ಗ್ರಾಂ. ಉಳಿದ ಜಾಗವನ್ನು ನೀರು ಮತ್ತು ಕಾಸ್ಟಿಕ್ ತುಂಬುತ್ತವೆ. ಕಾಸ್ಟಿಕ್ ಎಷ್ಟು ಎನ್ನುವುದನ್ನು ಮಾತ್ರ ಆಯಾ ಎಣ್ಣೆಯ ಲೆಕ್ಕದಿಂದ ಗ್ರಾಂ ಗ್ರಾಂ ತೂಗಿಯೇ ಹಾಕಬೇಕು, ಅಲ್ಲಿ ಅಂದಾಜು ನಡೆಯುವುದಿಲ್ಲ.

ಪೆಟ್ಟಿಗೆಯ ಸೋಪು ಚೆನ್ನಾಗಿಯೇ ಕೂತಿತು. ಎಲ್ಲ ಕಡೆ ಬರೆದಿದ್ದಂತೆ 24 ಗಂಟೆ ಬಿಟ್ಟು, ಮರುದಿನ ಚಾಕು ಹಿಡಿದು ಕೂತೆ. ಚಾಕು ಇಳಿಯಲಿಲ್ಲ. ಒತ್ತಿದರೆ ಸೋಪು ಕಲ್ಲುಸಕ್ಕರೆಯಂತೆ ಚೂರಾಯಿತು. ಬರೀ ತೆಂಗಿನೆಣ್ಣೆಯ ಸೋಪು ಕೆಲವೇ ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಆಲಿವ್ ಎಣ್ಣೆಗೆ ಹೇಳಿದ ಗಡುವು ಅದಕ್ಕೆ ಸಲ್ಲದು. ಬೆಳಿಗ್ಗೆ ಸುರಿದರೆ ಸಂಜೆಯೊಳಗೆ, ಇನ್ನೂ ಬೆಚ್ಚಗಿರುವಾಗಲೇ ಕತ್ತರಿಸಬೇಕು. ಇಲ್ಲವೇ ಕತ್ತರಿಸುವ ಗೋಜೇ ಇಲ್ಲದ ಬಿಡಿ ಗುಳಿಗಳ ಅಚ್ಚು ಬಳಸಬೇಕು. ತಿಪಟೂರಿನ ಎಣ್ಣೆಗೆ ಬಿಡಿ ಅಚ್ಚೇ ಸರಿ.

ಈ ಒಂದು ಪಾಠವೇ ನನ್ನ ಹುಚ್ಚಿಗೆ ಲೈಸೆನ್ಸ್ ಆಯಿತು. ‘ಬಿಡಿ ಅಚ್ಚು ಬೇಕಲ್ಲ’ ಎಂದು ಸಿಲಿಕೋನ್ ಅಚ್ಚುಗಳನ್ನು ನೋಡಲು ಶುರು ಮಾಡಿದೆ. ಗುಲಾಬಿ, ಜೇನುಗೂಡು, ಹೃದಯ, ಬುದ್ಧನ ಮುಖ, ಚಂದ್ರನ ಮೇಲೆ ಮಲಗಿದ ಮಗು. ಒಂದಕ್ಕೆ 250, ಇನ್ನೊಂದಕ್ಕೆ 400. ಗೆಳತಿಯನ್ನು ನೋಡಲು ಬೆಂಗಳೂರಿಗೆ ಹೋದರೆ ಚಿಕ್ಕಪೇಟೆಯ ಗಲ್ಲಿಗಳಿಗೆ ಹೋಗದೆ ಬಸ್ ಹತ್ತುತ್ತಿರಲಿಲ್ಲ. ಊರಲ್ಲಿದ್ದಾಗ ಕರಟ, ಐಸ್‌ಕ್ರೀಂ ಡಬ್ಬ, ಅಪ್ಪನ ಪೈಪ್‌ಲೈನಿನಲ್ಲಿ ಉಳಿದ ಪಿವಿಸಿ ತುಂಡು, ಏನು ಸಿಕ್ಕರೂ ಎತ್ತಿಟ್ಟುಕೊಳ್ಳುತ್ತಿದ್ದೆ. ಕರಟದ ಸೋಪು ನಾರಿಗೆ ಕಚ್ಚಿಕೊಂಡು ಈಚೆಗೆ ಬರಲೇ ಇಲ್ಲ. ಪಿವಿಸಿ ಪೈಪಿನೊಳಗೆ ಬಟರ್ ಪೇಪರ್ ಸುತ್ತಿ ಸುರಿದದ್ದು ಮಾತ್ರ ಗುಂಡಗೆ ಮುದ್ದಾಗಿ ಬಂತು. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ ಎನ್ನುವುದನ್ನು ಆಗ ಗಮನಿಸಲಿಲ್ಲ.

ಟ್ಯೂಷನ್ ಹೇಳಿ ಕೂಡಿಸಿದ್ದ ಆರು ಸಾವಿರ ಚಿಲ್ಲರೆ ಹೀಗೆ ಹೋಯಿತು. ಪಾರ್ಸೆಲ್ ಬಂದ ದಿನ ಏನೋ ಸಾಧಿಸಿದಂತೆ. ಅದನ್ನು ತೊಳೆದು, ಒರೆಸಿ, ಫೋಟೊ ತೆಗೆದು ಟ್ರಂಕಿನೊಳಗಿಟ್ಟರೆ ಸಂಜೆಯಾಗುತ್ತಿತ್ತು. ಅಷ್ಟರಮಟ್ಟಿಗೆ ಫಲಿತಾಂಶದ ಯೋಚನೆ ಮರೆಯುತ್ತಿತ್ತು. ಹೊಸ ಅಚ್ಚು ಬರುವ ತನಕ ಹೊಸ ಸೋಪು ಮಾಡಬೇಕಿಲ್ಲ, ಬಂದ ಮೇಲೆ ಅದಕ್ಕಿಂತ ಒಳ್ಳೆಯದು ಕಾಣುತ್ತಿತ್ತು. ಪರೀಕ್ಷೆಗೆ ಓದುವ ಮೊದಲು ಹೊಸ ನೋಟ್‌ಬುಕ್, ಹೊಸ ಹೈಲೈಟರ್ ಕೊಂಡು ಟೈಂಟೇಬಲ್ ಬರೆಯುತ್ತೇವಲ್ಲ, ಅದೇ ಕಾಯಿಲೆ. ಒಂದು ದಿನ ಟ್ರಂಕು ಬಗ್ಗಿಸಿ ಎಣಿಸಿದೆ. ಅಚ್ಚು 34. ಆವರೆಗೆ ಮಾಡಿದ್ದ ಒಳ್ಳೆಯ ಸೋಪು 19.

ಆ 19ರಲ್ಲಿ ನಿಜವಾಗಿ ಸ್ನಾನಕ್ಕೆ ಬಳಸಿದ ಮೇಲೆ ಅಚ್ಚುಗಳ ಬಣ್ಣ ಬಯಲಾಯಿತು. ಗುಲಾಬಿಯ ಎಸಳು ನಾಲ್ಕನೇ ಸ್ನಾನಕ್ಕೆ ಮಾಯ, ಎಸಳಿನ ಸಂದಿಯಲ್ಲಿ ಕೊಳೆ. ಹೃದಯ ನಡುವೆ ಸವೆದು ಎರಡು ತುಂಡು (ಕಾಲೇಜಿನ ಗೆಳೆಯರು ಇದಕ್ಕೆ ಏನೆಲ್ಲ ಹೇಳಿದರೋ ಬಿಡಿ). ಜೇನುಗೂಡಿನ ಮೂಲೆ ಮೈಗೆ ಚುಚ್ಚುತ್ತಿತ್ತು. ಕೊನೆಯ ತನಕ ಕೈಯಲ್ಲಿ ಕೂತದ್ದು ಮೂಲೆಯಿಲ್ಲದ, ನಕ್ಷೆಯಿಲ್ಲದ ಅಂಡಾಕಾರದ್ದು. ಮೈಸೂರು ಸಂಸ್ಥಾನದ ಸರ್ಕಾರಿ ಸೋಪು ಕಾರ್ಖಾನೆಗಾಗಿ ದುಡಿದು ‘ಸೋಪು ಶಾಸ್ತ್ರಿ’ ಎಂದೇ ಹೆಸರಾದ ಎಸ್.ಜಿ. ಶಾಸ್ತ್ರಿಯವರ ಕಾಲದ ಮೈಸೂರು ಸ್ಯಾಂಡಲ್ ಇವತ್ತಿಗೂ ಅಂಡಾಕಾರದಲ್ಲೇ ಇರುವುದನ್ನು ನೋಡಿದರೆ ನನ್ನ ಆರು ಸಾವಿರ ನೆನಪಾಗಿ ಹೊಟ್ಟೆ ಉರಿಯುತ್ತದೆ. ಅಂದ ಹಾಗೆ, ಕಾರ್ಖಾನೆಯ ಸೋಪನ್ನು ನಮ್ಮ ಹಾಗೆ ಅಚ್ಚಿಗೆ ಸುರಿಯುವುದಿಲ್ಲ. ಯಂತ್ರದಿಂದ ಉದ್ದಕ್ಕೆ ಹೊರಬಂದ ಸೋಪನ್ನು ತುಂಡರಿಸಿ, ಮೇಲೆ ಠಸ್ಸೆ ಒತ್ತುತ್ತಾರೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. 35ನೇ ಅಚ್ಚು ಅಟ್ಟದ ಮೇಲೆ ಸಿಕ್ಕಿತು.

ಅಜ್ಜಿಯ ಸಕ್ಕರೆ ಅಚ್ಚಿನ ಮಣೆಗಳು. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಜೊತೆ ಬೀರಲು ಹಳೇ ಮೈಸೂರಿನ ಕಡೆ ಮನೆಮನೆಯಲ್ಲೂ ಮಾಡುತ್ತಿದ್ದರಲ್ಲ, ಅದು. ತೇಗದ ಎರಡು ಹಲಗೆ, ಒಳಮೈಯಲ್ಲಿ ಎದುರುಬದುರು ಕೊರೆದ ಆಕಾರ. ಆನೆ, ಬಸವ, ಬೃಂದಾವನ, ಗಿಳಿ, ಕೋಳಿಹುಂಜ. ನೀರಲ್ಲಿ ನೆನೆಸಿ, ಜೋಡಿಸಿ, ದಾರ ಬಿಗಿದು ಪಾಕ ಸುರಿದರೆ ಬಿಳಿ ಬಸವ ಎದ್ದು ಬರುತ್ತಾನೆ. ಅಜ್ಜಿಗೆ ಅವು ತವರಿನಿಂದ ಬಂದವು. ಯಾವ ಅಂಗಡಿಯಲ್ಲೂ ಸಿಗದ ಅಚ್ಚು ನಮ್ಮ ಅಟ್ಟದಲ್ಲೇ ಇದೆಯಲ್ಲ ಎಂದು ನನ್ನ ಕೈ ನಡುಗಿತು. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಅಜ್ಜಿ ಚಿಕ್ಕಪ್ಪನ ಮನೆಗೆ ಹೋಗಿದ್ದ ದಿನ ಎಲ್ಲಕ್ಕಿಂತ ಚಿಕ್ಕದಾದ ಕೋಳಿಹುಂಜದ ಮಣೆಗೆ ಎಣ್ಣೆ ಸವರಿ ಸೋಪು ಸುರಿದೆ.

ಮರ ಕಾಸ್ಟಿಕ್ ಹೀರಿಕೊಂಡಿತು. ಮಣೆ ಒಳಗಿಂದ ಕಂದುಗಪ್ಪಾಗಿ ಉಬ್ಬಿತು. ಸೋಪು ಜುಟ್ಟಿನ ಸಂದಿಯಲ್ಲಿ ಕಚ್ಚಿಕೊಂಡಿತು. ಪಿನ್ನಿನಿಂದ ಎಬ್ಬಿಸಲು ಹೋದರೆ ಸೋಪಿನ ಜೊತೆ ಕೆತ್ತನೆಯ ತೆಳು ಅಂಚೂ ಎದ್ದು ಬಂತು. ಪಾಕಕ್ಕೆ ಸರಿಹೋಗುವ ಮರ ಸೋಪಿಗೂ ಸರಿಹೋಗುತ್ತದೆ ಎಂದುಕೊಂಡದ್ದು ತಪ್ಪು. ಸೋಪಿಗೆ ಮರದ ಪೆಟ್ಟಿಗೆ ಬಳಸುವಾಗ ಒಳಗೆ ಹಾಳೆ ಹಾಸುತ್ತೇವೆ. ಕೆತ್ತನೆಗೆ ಹಾಳೆ ಹಾಸುವುದು ಹೇಗೆ? ಇನ್ನೂ ದೊಡ್ಡ ಮಾತೆಂದರೆ ಒಮ್ಮೆ ಸೋಪು ಕಂಡ ಅಚ್ಚನ್ನು ಮತ್ತೆ ತಿನ್ನುವ ವಸ್ತುವಿಗೆ ಬಳಸುವ ಹಾಗಿಲ್ಲ. ಆ ಹುಂಜ ಇನ್ನು ಸಕ್ಕರೆಗೆ ಬಾರದು.

ಅಜ್ಜಿ ಬೈಯಲಿಲ್ಲ. ಮಣೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿ, ‘ನಮ್ಮಪ್ಪ ತಂದಿದ್ದು’ ಎಂದಷ್ಟೇ ಹೇಳಿ ಒಳಗೆ ಹೋದರು. ಆ ರಾತ್ರಿ ನಾನು ಟ್ರಂಕಿಗೆ ಬೀಗ ಹಾಕಿದೆ.

ಎರಡು ತಿಂಗಳು ಹಾಗೇ ಕಳೆಯಿತು. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಅಜ್ಜಿ ಪಾಕಕ್ಕಿಟ್ಟಾಗ ನಾನು ದಾರ ಬಿಗಿಯಲು ಕೂತೆ. ಇದ್ದಕ್ಕಿದ್ದಂತೆ ಅಜ್ಜಿ ಕೇಳಿದರು: ‘ನಿನ್ನ ಆ ರಬ್ಬರ್ ಅಚ್ಚನ್ನ ಹೆಂಗೆ ಮಾಡ್ತಾರೆ?’ ಹೇಳಿದೆ. ಮೂಲ ಗೊಂಬೆಯ ಮೇಲೆ ದ್ರವರೂಪದ ಸಿಲಿಕೋನ್‌ಗೆ ಗಟ್ಟಿಕಾರಕ ಬೆರೆಸಿ ಸುರಿಯುತ್ತಾರೆ, ಗಟ್ಟಿಯಾದ ಮೇಲೆ ಗೊಂಬೆ ತೆಗೆದರೆ ಉಳಿಯುವುದೇ ಅಚ್ಚು, ಬೆಂಕಿಯ ಬಿಸಿಯೂ ಬೇಡ. ಅಜ್ಜಿ ಒಂದು ಗಳಿಗೆ ಯೋಚಿಸಿ, ಬಸವನ ಮಣೆಯ ಒಂದೇ ಹಲಗೆಯನ್ನು ಮಲಗಿಸಿ ಅದಕ್ಕಷ್ಟೇ ಪಾಕ ಸುರಿದರು. ಬೆನ್ನು ಚಪ್ಪಟೆ, ಮುಖ ಉಬ್ಬು, ಅರ್ಧ ಬಸವ. ‘ತಗೋ. ಇದರ ಮೇಲೆ ಸುರ್ಕೋ. ನನ್ನ ಮಣೆ ಮುಟ್ಟಬೇಡ.’

ಸಕ್ಕರೆ ನೀರಿಗೆ ಕರಗೀತು, ಸಿಲಿಕೋನ್‌ನಲ್ಲಿ ನೀರಿಲ್ಲವಲ್ಲ! ಬಿಸ್ಕತ್ತಿನ ಡಬ್ಬದ ತಳಕ್ಕೆ ಬಸವನ ಬೆನ್ನು ಅಂಟಿಸಿ, ಗುಳ್ಳೆ ಏಳದಂತೆ ಒಂದು ಮೂಲೆಯಿಂದ ತೆಳ್ಳಗೆ ಸುರಿದೆ. ಮರುದಿನ ಬಿಡಿಸಿ ನೋಡಿದರೆ ಕೊರಳ ಗಂಟೆ, ಬೆನ್ನಿನ ಡುಬ್ಬ, ಅಷ್ಟೇ ಏಕೆ, ತೇಗದ ಎಳೆಯೂ ಸಿಲಿಕೋನ್‌ನಲ್ಲಿ ಮೂಡಿತ್ತು. ಆನೆ, ಬೃಂದಾವನ, ಗಿಳಿ ಎಲ್ಲವನ್ನೂ ಹಾಗೆಯೇ ತೆಗೆದೆ. ಸುರಿದ ಸೋಪನ್ನು ಬಿಡಿಸುವ ಮೊದಲು ಒಂದೆರಡು ಗಂಟೆ ಫ್ರೀಜರಿನಲ್ಲಿಟ್ಟರೆ ಕಿವಿ, ಕೊಕ್ಕು ಹರಿಯುವುದಿಲ್ಲ. ಇದು ಗುಲಾಬಿಯಿಂದ ಕಲಿತದ್ದು. ಆ 400 ರೂಪಾಯಿ ಅಷ್ಟಾದರೂ ವಸೂಲಾಯಿತು.

ಸೋಪು ಮಾರುವ ಆಸೆ ನನಗೂ ಇತ್ತು. ಆದರೆ ಸ್ನಾನದ ಸೋಪನ್ನು ಮಾರಾಟಕ್ಕೆ ತಯಾರಿಸಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಪರವಾನಗಿ ಬೇಕು. ಅಡುಗೆ ಮನೆಯ ಮೂಲೆಯಲ್ಲಿ ಕೂತು ಅದನ್ನು ಪಡೆಯಲಾಗದು. ಆನ್‌ಲೈನಿನಲ್ಲಿ ‘ಇವತ್ತೇ ಸೋಪ್ ಬಿಸಿನೆಸ್ ಶುರು ಮಾಡಿ’ ಎನ್ನುವವರು ಈ ಮಾತನ್ನು ಹೇಳುವುದು ಕಡಿಮೆ. ಅಚ್ಚಿಗೆ ಆ ಪರವಾನಗಿ ಬೇಕಿಲ್ಲ. ಪರವಾನಗಿ ಇಟ್ಟುಕೊಂಡೇ ಸೋಪು ಮಾಡುವ ಕಾಲೇಜಿನ ಸೀನಿಯರ್ ಒಬ್ಬರು ಬಸವನ ಫೋಟೊ ನೋಡಿ ನಾಲ್ಕು ಅಚ್ಚು ಕೇಳಿದರು. ಅವರಿಂದ ಇನ್ನಿಬ್ಬರು. ಈವರೆಗೆ 11 ಹೋಗಿವೆ, ಒಂದಕ್ಕೆ 350ರಂತೆ. ಸಿಲಿಕೋನ್ ಖರ್ಚು ಕಳೆದರೆ ಅರ್ಧವೂ ಉಳಿಯುವುದಿಲ್ಲ. ‘ಇದರಲ್ಲಿ ಸಕ್ಕರೆ ಅಚ್ಚು ಹಾಕಬಹುದಾ?’ ಎಂದು ಕೇಳುವವರಿಗೆ ಬೇಡ ಎನ್ನುತ್ತೇನೆ, ನಾನು ತರುವ ಸಿಲಿಕೋನ್ ಆಹಾರಕ್ಕೆಂದು ಮಾಡಿದ್ದಲ್ಲ. ಟ್ರಂಕಿನ 34ರಲ್ಲಿ 26 ಅನ್ನು ಅರ್ಧ ಬೆಲೆಗೆ ಕೊಟ್ಟುಬಿಟ್ಟೆ. ಅಂಡಾಕಾರದ್ದು, ಪೈಪು, ಅಪ್ಪನ ಪೆಟ್ಟಿಗೆ, ಇನ್ನೈದು ಉಳಿದಿವೆ. ಫಲಿತಾಂಶ ಇನ್ನೂ ಬಂದಿಲ್ಲ.

ಆ ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಅಜ್ಜಿಯ ಜೊತೆ ಹೋಗಿದ್ದೆ. ಪಕ್ಕದ ಮನೆಯ ಚಿಕ್ಕ ಹುಡುಗ ತಟ್ಟೆಯ ತುಂಬ ಹುಡುಕಿ, ‘ಅಜ್ಜಿ, ಪ್ರತಿ ವರ್ಷ ನಂಗೆ ಕೊಡ್ತಿದ್ದ ಕೋಳಿ ಎಲ್ಲಿ?’ ಎಂದ. ನಾನು ನೆಲ ನೋಡಿದೆ. ಅಜ್ಜಿ ನನ್ನ ಕಡೆ ಓರೆಗಣ್ಣು ಬಿಟ್ಟು, ಅವನ ಕೈಗೆ ಎರಡು ಗಿಳಿ ಇಟ್ಟು ಹೇಳಿದರು:

‘ಈ ವರ್ಷ ಅದು ಸ್ನಾನಕ್ಕೆ ಹೋಗಿದೆ ಕಣಪ್ಪಾ.’